ಟ್ರಯಥ್ಲಾನ್ ಸೈಕಲ್ ಸವಾರಿಯಲ್ಲಿ ಆಹಾರ: ಎಲ್ಲಿ ಇಡಬೇಕು, ಹೇಗೆ ತೆಗೆಯಬೇಕು

ಈಜು, ಸೈಕಲ್ ಸವಾರಿ, ಓಟ ಮೂರನ್ನೂ ಒಂದರ ಹಿಂದೊಂದು ಮುಗಿಸಬೇಕಾದ ದೀರ್ಘ ದೂರದ ಟ್ರಯಥ್ಲಾನ್‌ಗೆ ತಯಾರಾಗುವವರು ಗಂಟೆಗೆ ಎಷ್ಟು ಗ್ರಾಂ ಕಾರ್ಬೋಹೈಡ್ರೇಟ್ ಬೇಕು, ಯಾವ ಜೆಲ್ (ಪೊಟ್ಟಣದಲ್ಲಿ ಬರುವ ಗಟ್ಟಿ ಸಕ್ಕರೆ ಪಾಕ) ಒಗ್ಗುತ್ತದೆ, ಉಪ್ಪಿನ ಮಾತ್ರೆ ಬೇಕೇ ಬೇಡವೇ ಎಂದು ವಾರಗಟ್ಟಲೆ ಯೋಚಿಸುತ್ತಾರೆ. ಅದನ್ನೆಲ್ಲ ಸೈಕಲ್ಲಿನ ಯಾವ ಭಾಗದಲ್ಲಿ ಇಡಬೇಕು, ವೇಗವಾಗಿ ಹೋಗುತ್ತಿರುವಾಗ ಯಾವ ಕೈಯಿಂದ ತೆಗೆಯಬೇಕು ಎಂಬುದನ್ನು ಮಾತ್ರ ಸ್ಪರ್ಧೆಯ ಹಿಂದಿನ ಸಂಜೆಗೆ ಬಿಟ್ಟಿರುತ್ತಾರೆ. ಸ್ಪರ್ಧೆ ಮುಗಿದ ಮೇಲೆ ಸಾಲಾಗಿ ನಿಂತ ಸೈಕಲ್‌ಗಳ ನಡುವೆ ಒಮ್ಮೆ ನಡೆದುಹೋದರೆ ಅದರ ಪರಿಣಾಮ ಕಣ್ಣಿಗೆ ಬೀಳುತ್ತದೆ: ತೆರೆಯದ ಜೆಲ್‌ಗಳು, ಮುಕ್ಕಾಲು ತುಂಬಿದ ಬಾಟಲಿಗಳು. ಬೇಡವೆನಿಸಿ ಉಳಿದವು ಅವುಗಳಲ್ಲಿ ಕಡಿಮೆ. ಎಟುಕದೆ, ತೆರೆಯಲಾಗದೆ, ನೆನಪಿಗೇ ಬಾರದೆ ಉಳಿದವೇ ಹೆಚ್ಚು.

ಕೈಗೆ ಸುಲಭವಾಗಿ ಸಿಗುವುದು ಹೊಟ್ಟೆ ಸೇರುತ್ತದೆ, ಸಿಗದ್ದು ಬರಿಯ ಭಾರ. ಆದ್ದರಿಂದ ಯಾವ ವಸ್ತು ಎಷ್ಟು ಸಲ ಬೇಕಾಗುತ್ತದೆ ಎಂಬುದನ್ನು ನೋಡಿ ಅದರ ಜಾಗವನ್ನು ಗೊತ್ತುಮಾಡಬೇಕು. ಪದೇ ಪದೇ ಬೇಕಾದದ್ದು ಮುಖದ ಮುಂದೆ, ಗಂಟೆಗೆ ಕೆಲವು ಸಲ ಬೇಕಾದದ್ದು ಮೊಣಕಾಲುಗಳ ನಡುವೆ, ಇಡೀ ದಿನಕ್ಕೆ ಒಮ್ಮೆ ಬೇಕಾದದ್ದು ಬೆನ್ನ ಹಿಂದೆ. ಮುಂದಿನ ಹೆಜ್ಜೆಗಳೆಲ್ಲ ಈ ಕ್ರಮವನ್ನೇ ಹಿಡಿದು ಸಾಗುತ್ತವೆ.

ಹೆಜ್ಜೆ 1: ಗಂಟೆಯ ಲೆಕ್ಕ ಮಾಡಿ, ಸಾಮಾನಿನ ಪಟ್ಟಿ ಬರೆಯಿರಿ

ಸ್ಪ್ರಿಂಟ್ ಸ್ಪರ್ಧೆಯ 20 ಕಿ.ಮೀ. ಸವಾರಿಗೆ ಒಂದು ಬಾಟಲಿ ಸಾಕು. ಒಲಿಂಪಿಕ್ ದೂರದ 40 ಕಿ.ಮೀ.ಗೆ ಒಂದು ಬಾಟಲಿ ಪಾನೀಯ, ಜೊತೆಗೆ ಒಂದೆರಡು ಜೆಲ್. ಲೆಕ್ಕಾಚಾರ ನಿಜವಾಗಿ ಬೇಕಾಗುವುದು ಅರ್ಧ ದೂರದ 90 ಕಿ.ಮೀ. ಮತ್ತು ಪೂರ್ಣ ದೂರದ 180 ಕಿ.ಮೀ. ಸವಾರಿಗಳಿಗೆ. ಅಲ್ಲಿ ಸೈಕಲ್ ಇಳಿದ ಮೇಲೆ 21.1 ಅಥವಾ 42.2 ಕಿ.ಮೀ. ಓಡುವುದು ಬಾಕಿ ಇರುತ್ತದೆ. ಈಜುವಾಗ ತಿನ್ನಲು ಸಾಧ್ಯವಿಲ್ಲ, ಓಡುವಾಗ ಹೊಟ್ಟೆ ಕುಲುಕುತ್ತಿರುತ್ತದೆ. ಹಾಗಾಗಿ ದಿನದ ಆಹಾರದ ದೊಡ್ಡ ಪಾಲು ಸೈಕಲ್ ಮೇಲೆಯೇ ಒಳಗೆ ಹೋಗಬೇಕು.

ಸಾಮಾನ್ಯವಾಗಿ ಹೇಳುವ ಪ್ರಮಾಣ ಹೀಗಿದೆ: ಒಂದರಿಂದ ಎರಡೂವರೆ ಗಂಟೆಯ ಶ್ರಮಕ್ಕೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್, ಅದಕ್ಕಿಂತ ದೀರ್ಘವಾದುದಕ್ಕೆ 90 ಗ್ರಾಂವರೆಗೆ. ಕರುಳು ಗ್ಲೂಕೋಸನ್ನು ಹೀರಿಕೊಳ್ಳುವ ದಾರಿ ಗಂಟೆಗೆ ಸುಮಾರು 60 ಗ್ರಾಂಗೆ ತುಂಬಿಬಿಡುತ್ತದೆ. ಫ್ರಕ್ಟೋಸ್‌ಗೆ ಬೇರೆ ದಾರಿ ಇದೆ. 60 ದಾಟುವ ಯೋಚನೆ ಇದ್ದರೆ ಎರಡೂ ಬೆರೆತ ಜೆಲ್ ಅಥವಾ ಪುಡಿಯನ್ನೇ ಕೊಳ್ಳಬೇಕು, ಇಲ್ಲವಾದರೆ ಹೆಚ್ಚುವರಿ ಸಕ್ಕರೆ ಹೊಟ್ಟೆಯಲ್ಲೇ ಕುಳಿತು ಉಬ್ಬರ ತರುತ್ತದೆ. ಮುಂಚೂಣಿಯ ವೃತ್ತಿಪರರಲ್ಲಿ ಹಲವರು 90ನ್ನೂ ದಾಟುತ್ತಾರೆ. ಅವರು ಅದಕ್ಕಾಗಿ ಕರುಳನ್ನು ಬಹುಕಾಲ ಪಳಗಿಸಿರುತ್ತಾರೆ. ನೋಡಿ ಅನುಕರಿಸುವ ವಿಷಯ ಅದಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. 90 ಕಿ.ಮೀ.ಯನ್ನು ಮೂರು ಗಂಟೆಯಲ್ಲಿ ಮುಗಿಸುವ ಸವಾರರು ಗಂಟೆಗೆ 70 ಗ್ರಾಂ ಎಂದು ನಿಶ್ಚಯಿಸಿದರೆ ಒಟ್ಟು 210 ಗ್ರಾಂ ಬೇಕು. 120 ಗ್ರಾಂ ಪುಡಿ ಕಲಸಿದ ಒಂದು 750 ಮಿ.ಲೀ. ಬಾಟಲಿ, ತಲಾ 25 ಗ್ರಾಂನ ನಾಲ್ಕು ಜೆಲ್ ಸೇರಿದರೆ 220 ಆಗುತ್ತದೆ. ಗಂಟೆಗೆ 600 ಮಿ.ಲೀ. ದ್ರವ ಎಂದುಕೊಂಡರೆ ಬೇಕಾದದ್ದು 1800 ಮಿ.ಲೀ. ಆ ಬಾಟಲಿಯ 750, ಹ್ಯಾಂಡಲ್ಲಿನ ಮುಂಭಾಗದಲ್ಲಿಡುವ ಬಾಟಲಿಯ 700 ಮಿ.ಲೀ. ನೀರು ಕಳೆದರೆ ಉಳಿಯುವುದು 350. ಅದನ್ನು ದಾರಿಯಲ್ಲಿ ಒಂದು ಏಡ್ ಸ್ಟೇಷನ್‌ನಲ್ಲಿ (ಆಯೋಜಕರು ನೀರು, ಪಾನೀಯ ಕೊಡುವ ಕೇಂದ್ರದಲ್ಲಿ) ಪಡೆಯಬಹುದು. ಅಂದರೆ ಹೊರಬೇಕಾದದ್ದು ಎರಡು ಬಾಟಲಿ, ನಾಲ್ಕು ಜೆಲ್ ಮಾತ್ರ. ಲೆಕ್ಕ ಹಾಕದೆ ಹೊರಟವರ ಸೈಕಲ್ಲಿನಲ್ಲಿ ನಾಲ್ಕು ಬಾಟಲಿ, ಹತ್ತು ಜೆಲ್, ಮೂರು ಎನರ್ಜಿ ಬಾರ್ ಇರುತ್ತವೆ. ತುಂಬಿದ 750 ಮಿ.ಲೀ. ಬಾಟಲಿ ಒಂದೊಂದೂ ಮುಕ್ಕಾಲು ಕಿಲೋಗಿಂತ ಹೆಚ್ಚು ತೂಗುತ್ತದೆ ಎಂಬುದು ಏರಿನಲ್ಲಿ ತಿಳಿಯುತ್ತದೆ.

ದ್ರವದ ಅಳತೆ ಬಿಸಿಲು, ದೇಹದ ಗಾತ್ರ, ಬೆವರಿನ ಮೇಲೆ ನಿಂತಿದೆ. ಗಂಟೆಗೆ 400ರಿಂದ 800 ಮಿ.ಲೀ. ನಡುವೆ ಹೆಚ್ಚಿನವರು ಹೊಂದಿಕೊಳ್ಳುತ್ತಾರೆ. ಒಂದು ಗಂಟೆಯ ತರಬೇತಿಯ ಮೊದಲು ಮತ್ತು ನಂತರ ತೂಕ ನೋಡಿಕೊಂಡು, ಇಳಿದ ತೂಕಕ್ಕೆ ನಡುವೆ ಕುಡಿದ ನೀರನ್ನು ಸೇರಿಸಿದರೆ ನಿಮ್ಮ ಬೆವರಿನ ಪ್ರಮಾಣ ಸಿಗುತ್ತದೆ. ಬೆವರಿನ ಸೋಡಿಯಂ ವ್ಯಕ್ತಿಯಿಂದ ವ್ಯಕ್ತಿಗೆ ಹಲವು ಪಟ್ಟು ಬದಲಾಗುವುದರಿಂದ ಇನ್ನೊಬ್ಬರ ಉಪ್ಪಿನ ಲೆಕ್ಕ ನಿಮಗೆ ಹೊಂದಲಾರದು. ಒಣಗಿದ ಅಂಗಿಯ ಮೇಲೆ ಬಿಳಿ ಗೆರೆಗಳು ದಟ್ಟವಾಗಿ ಮೂಡುವವರು ಉಪ್ಪಿನ ಕಡೆ ಹೆಚ್ಚು ಗಮನ ಕೊಡಲಿ.

ಹೆಜ್ಜೆ 2: ಪ್ರತಿಯೊಂದಕ್ಕೂ ಜಾಗ ಗೊತ್ತುಮಾಡಿ

ಮೊಣಕೈ ಊರಿ ಬಾಗಿ ಸವಾರಿ ಮಾಡಲು ಹ್ಯಾಂಡಲ್ಲಿನಿಂದ ಮುಂದಕ್ಕೆ ಚಾಚಿರುವ ಏರೋಬಾರ್‌ನ ಎರಡು ತೋಳುಗಳ ನಡುವಿನ ಜಾಗ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಬಾಗಿದ ಭಂಗಿಯನ್ನು ಬಿಡದೆ, ರಸ್ತೆಯಿಂದ ಕಣ್ಣು ತೆಗೆಯದೆ ಕುಡಿಯಲು ಸಾಧ್ಯವಾಗುವುದು ಅಲ್ಲಿ ಮಾತ್ರ. ಅಲ್ಲಿಟ್ಟ ಬಾಟಲಿಯಿಂದ ಗಾಳಿಯ ತಡೆಯೂ ಸಾಮಾನ್ಯವಾಗಿ ಹೆಚ್ಚುವುದಿಲ್ಲ. ಅದು ನೀರಿನ ಜಾಗ. ನೀರು ಕಣ್ಣೆದುರಿಗೆ ಇದ್ದಷ್ಟೂ ನಾವು ಕುಡಿಯುತ್ತೇವೆ.

ಇಲ್ಲಿ ಎರಡು ಬಗೆಯ ವ್ಯವಸ್ಥೆಗಳಿವೆ. ಒಂದು, ಮಾಮೂಲಿ ಬಾಟಲಿಯನ್ನು ಮಲಗಿಸಿ ಕೇಜ್‌ನಲ್ಲಿ (ಬಾಟಲಿಯನ್ನು ಹಿಡಿದಿಡುವ ಚೌಕಟ್ಟಿನಲ್ಲಿ) ಸಿಕ್ಕಿಸುವುದು. ತೆಗೆದು, ಹಿಂಡಿ ಕುಡಿದು, ಮತ್ತೆ ತಳ್ಳಬೇಕು. ಏಡ್ ಸ್ಟೇಷನ್‌ನಲ್ಲಿ ಸಿಕ್ಕ ಬಾಟಲಿಯನ್ನು ನೇರವಾಗಿ ಅಲ್ಲಿಯೇ ಕೂರಿಸಬಹುದು ಎಂಬುದು ಇದರ ಲಾಭ. ಇನ್ನೊಂದು, ಹೀರುಕೊಳವೆ ಇರುವ ಸ್ಥಿರವಾದ ಪಾತ್ರೆ. ತಲೆ ಸ್ವಲ್ಪ ತಗ್ಗಿಸಿದರೆ ಕೊಳವೆ ಬಾಯಿಗೆ ಸಿಗುತ್ತದೆ, ಕೈ ಎತ್ತುವ ಅಗತ್ಯವೇ ಇಲ್ಲ. ಓಡುತ್ತಲೇ ಮೇಲಿನಿಂದ ನೀರು ಸುರಿದು ತುಂಬಿಸಿಕೊಳ್ಳಬಹುದು. ಒಂದೇ ಕೈಯಲ್ಲಿ ಸೈಕಲ್ ಹಿಡಿಯಲು ಇನ್ನೂ ಧೈರ್ಯ ಸಾಲದವರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಕೊರತೆಗಳು ಎರಡು: ಕೆಟ್ಟ ರಸ್ತೆಯಲ್ಲಿ ನೀರು ಮುಖಕ್ಕೆ ಚಿಮ್ಮುತ್ತದೆ, ಸಿಹಿ ಪಾನೀಯ ಹಾಕಿದರೆ ಕೊಳವೆಯೊಳಗೆ ಬೂಷ್ಟು ಹಿಡಿಯುತ್ತದೆ. ಬರಿಯ ನೀರನ್ನೇ ಹಾಕಿದರೆ ಎರಡೂ ತೊಂದರೆ ಸಹಿಸುವಷ್ಟಕ್ಕೆ ಇಳಿಯುತ್ತವೆ. ಮುಖಕ್ಕೆ ಚಿಮ್ಮಿದ ನೀರು ಅಂಟುವುದಿಲ್ಲವಲ್ಲ.

ಫ್ರೇಮಿನೊಳಗಿನ ಕೇಜ್‌ಗಳು ಎಲ್ಲಕ್ಕಿಂತ ಭದ್ರವಾದವು. ಬಾಟಲಿ ಹಾರಿ ಬೀಳುವ ಸಂಭವ ಇಲ್ಲಿ ಅತಿ ಕಡಿಮೆ. ಹಾಗಾಗಿ ಕಳೆದುಕೊಳ್ಳಲೇಬಾರದ ವಸ್ತು, ಅಂದರೆ ಗಟ್ಟಿಯಾಗಿ ಕಲಸಿದ ಕಾರ್ಬೋಹೈಡ್ರೇಟ್ ಬಾಟಲಿ, ಇಲ್ಲಿರಲಿ. ಫ್ರೇಮಿನ ಗುಂಡನೆಯ ಬಾಟಲಿಯಿಂದ ಗಾಳಿಯ ತಡೆ ಹೆಚ್ಚುತ್ತದೆ ಎಂದು ಕೆಲವರು ಅದನ್ನು ತೆಗೆದುಹಾಕುತ್ತಾರೆ. ಅದು ಫ್ರೇಮಿನ ಆಕಾರವನ್ನು ಅವಲಂಬಿಸಿದ ಮಾತು. ಉಳಿಯುವ ಸೆಕೆಂಡುಗಳಿಗಾಗಿ ದಿನದ ಅರ್ಧ ಊಟವನ್ನು ಬೀಳುವ ಜಾಗದಲ್ಲಿಡುವುದು ನನಗೆ ಸರಿ ಕಾಣುವುದಿಲ್ಲ. ಫ್ರೇಮ್ ಚಿಕ್ಕದಾಗಿ ಬಾಟಲಿಯು ಫ್ರೇಮಿನ ಮೇಲಿನ ಕೊಳವೆಗೆ ತಾಗುವುದಾದರೆ ಪಕ್ಕದಿಂದ ಎಳೆಯುವ ಕೇಜ್ ಹಾಕಿಸಿಕೊಳ್ಳಿ, ನೀವು ಕೈ ಹಾಕುವ ಬದಿಗೇ ಬಾಯಿ ಇರುವಂತೆ ನೋಡಿಕೊಳ್ಳಿ.

ಸೀಟಿನ ಹಿಂದಿನ ಕೇಜ್ ಜನಪ್ರಿಯವೂ ಹೌದು, ಅತಿ ಹೆಚ್ಚು ಬಾಟಲಿಗಳನ್ನು ರಸ್ತೆಗೆ ಚೆಲ್ಲುವುದೂ ಅದೇ. ಹಿಂಚಕ್ರಕ್ಕೆ ತಗಲಿದ ಪ್ರತಿ ಹೊಡೆತ ಅಲ್ಲಿ ದೊಡ್ಡದಾಗುತ್ತದೆ. ಬಾಟಲಿ ಬಿದ್ದದ್ದು ಹಲವರಿಗೆ ತಿಳಿಯುವುದೂ ಇಲ್ಲ. ಗಂಟೆ ಕಳೆದು ಕೈ ಚಾಚಿದಾಗ ಖಾಲಿ ಕೇಜ್ ಸಿಗುತ್ತದೆ. ಅದನ್ನು ಬಳಸುವುದಾದರೆ ಬಿಗಿ ಹಿಡಿತದ ಕೇಜ್ ಆಯ್ಕೆಮಾಡಿ, ಬೋಲ್ಟ್‌ಗಳಿಗೆ ಸಡಿಲವಾಗದಂತೆ ತಡೆಯುವ ಅಂಟು ಹಾಕಿ, ಬಾಟಲಿಯ ಕತ್ತಿಗೆ ದಪ್ಪ ರಬ್ಬರ್ ಪಟ್ಟಿ ಸುತ್ತಿ. ಭುಜ ಬಿಗಿಯಾಗಿರುವವರಿಗೆ ಅಲ್ಲಿ ಕೈ ಹಾಕುವುದೇ ಕಷ್ಟ, ಬಾಟಲಿಯನ್ನು ವಾಪಸ್ ಸಿಕ್ಕಿಸುವುದಂತೂ ಇನ್ನೂ ಕಷ್ಟ. ಎತ್ತರವಾಗಿ ನಿಂತ ಬಾಟಲಿ ಸೈಕಲ್ ಹತ್ತುವಾಗ ಕಾಲಿಗೆ ಅಡ್ಡ ಬರುತ್ತದೆ ಎಂಬುದನ್ನೂ ನೆನಪಿಡಿ. ನನ್ನ ಸಲಹೆ: ಅಲ್ಲಿ ಒಂದೇ ಬಾಟಲಿ, ಅದೂ ಹೆಚ್ಚುವರಿ ನೀರಿನದ್ದು, ಒಮ್ಮೆ ಮಾತ್ರ ತೆಗೆದು ಮುಂದಿನ ಪಾತ್ರೆಗೆ ಸುರಿದುಕೊಳ್ಳಲು.

ಸೀಟಿನಿಂದ ಹ್ಯಾಂಡಲ್ಲಿಗೆ ಹೋಗುವ ಮೇಲಿನ ಕೊಳವೆಯ ಮೇಲಿನ ಪೆಟ್ಟಿಗೆ ಜೆಲ್, ಮಾತ್ರೆ, ತುಂಡು ಮಾಡಿದ ಬಾರ್‌ಗಳಿಗೆ. ಬೆರಳಿಟ್ಟ ಕೂಡಲೇ ತೆರೆಯುವ ಮುಚ್ಚಳ ಇರಲಿ. ಎರಡು ಕೈ ಬೇಡುವ ಜಿಪ್ ಇದ್ದರೆ ಸ್ಪರ್ಧೆಯ ಉದ್ದಕ್ಕೂ ಅರ್ಧ ತೆರೆದೇ ಬಿಡಿ. ಅಗಲವಾದ ಪೆಟ್ಟಿಗೆಗೆ ಪ್ರತಿ ಸುತ್ತಿಗೂ ಮೊಣಕಾಲು ಉಜ್ಜುತ್ತದೆ; ಸಾವಿರಾರು ಸುತ್ತುಗಳ ನಂತರ ಅದು ಗಾಯ. ಇದರಲ್ಲಿ ಟ್ಯೂಬು, ಗಾಳಿಯ ಕಾರ್ಟ್ರಿಜ್, ಟೈರ್ ಎತ್ತುವ ಕಡ್ಡಿಗಳನ್ನು ಎಂದೂ ಬೆರೆಸಬೇಡಿ. ಜೆಲ್ ಎಳೆದಾಗ ಕಾರ್ಟ್ರಿಜ್ ಹಾರಿಹೋದರೆ ಆಮೇಲೆ ಪಂಕ್ಚರ್ ಆದಾಗ ಕೈಕಟ್ಟಿ ನಿಲ್ಲಬೇಕಾಗುತ್ತದೆ. ರಿಪೇರಿ ಸಾಮಾನು ಸೀಟಿನ ಕೆಳಗಿನ ಚೀಲದಲ್ಲಿರಲಿ.

ಸ್ಪರ್ಧೆಯ ಉಡುಪಿನ ಜೇಬು ಮೀಸಲಿಗೆ. ಅದರಲ್ಲಿ ಒಂದೋ ಎರಡೋ ಜೆಲ್ ಇರಲಿ, ಬೇರೆಲ್ಲ ಕೈಕೊಟ್ಟಾಗ ಉಪಯೋಗಕ್ಕೆ ಬರುತ್ತದೆ.

ಎಲ್ಲವನ್ನೂ ಹಂಚುವಾಗ ಒಂದು ನಿಯಮವನ್ನು ಬಿಡಬೇಡಿ: ಒಂದೇ ಜಾಗದಲ್ಲಿ ಒಟ್ಟು ಕಾರ್ಬೋಹೈಡ್ರೇಟ್‌ನ ಅರ್ಧಕ್ಕಿಂತ ಬಹಳ ಹೆಚ್ಚು ಇರಬಾರದು.

ಹೆಜ್ಜೆ 3: ಜೆಲ್ ಮತ್ತು ಗಟ್ಟಿ ಬಾಟಲಿಯನ್ನು ಸಿದ್ಧಪಡಿಸಿ

ಮೂರು ನಾಲ್ಕು ಜೆಲ್‌ಗಳಿಗೆ ಹಳೆಯ ಉಪಾಯವೇ ಒಳ್ಳೆಯದು. ಮೇಲಿನ ಕೊಳವೆಯನ್ನು ಒರೆಸಿ ಒಣಗಿಸಿ. ಜೆಲ್ ಪೊಟ್ಟಣದ ಹರಿಯುವ ತುದಿಯನ್ನು ಕೊಳವೆಯ ಮೇಲೆ ಚಪ್ಪಟೆಯಾಗಿ ಇಟ್ಟು, ಹರಿಯುವ ಗುರುತಿನ ಆಚೆಯ ತುಣುಕು ಮಾತ್ರ ಒಳಗೆ ಸಿಗುವಂತೆ ವಿದ್ಯುತ್ ತಂತಿಗೆ ಸುತ್ತುವ ಟೇಪನ್ನು ಎರಡು ಸುತ್ತು ಬಿಗಿಯಾಗಿ ಸುತ್ತಿ. ಪೊಟ್ಟಣದ ಹೊಟ್ಟೆ ಸೀಟಿನ ಕಡೆಗೆ ಇರಲಿ. ಕೆಳಭಾಗವನ್ನು ಹಿಡಿದು ಪಕ್ಕಕ್ಕೆ ಚುರುಕಾಗಿ ಎಳೆದರೆ ತುಣುಕು ಟೇಪಿನಲ್ಲೇ ಉಳಿದು, ಬಾಯಿ ತೆರೆದ ಜೆಲ್ ಕೈಗೆ ಬರುತ್ತದೆ. ಹಲ್ಲಿನಿಂದ ಕಚ್ಚಿ ಹರಿದು, ಆ ತುಣುಕನ್ನು ಎಲ್ಲಿ ಹಾಕುವುದೆಂದು ಪರದಾಡುವುದು ತಪ್ಪುತ್ತದೆ. ತೆರೆದ ಜೆಲ್ ಕಾಯುವುದಿಲ್ಲವಾದ್ದರಿಂದ ಎಳೆದ ಕೂಡಲೇ ತಿನ್ನಬೇಕು. ಖಾಲಿ ಪೊಟ್ಟಣವನ್ನು ಮಡಚಿ ಚಡ್ಡಿಯ ತೊಡೆಯಂಚಿನೊಳಗೆ ತೂರಿಸಿ ಅಥವಾ ಪೆಟ್ಟಿಗೆಯ ಒಂದು ಮೂಲೆಗೆ ಹಾಕಿ. ಎಲ್ಲ ಪೊಟ್ಟಣಗಳೂ ಹೀಗೆ ಹರಿಯುವುದಿಲ್ಲ. ನಿಮ್ಮ ಜೆಲ್ ಯಾವ ದಿಕ್ಕಿಗೆ ಎಳೆದರೆ ಹರಿಯುತ್ತದೆ ಎಂದು ಒಂದನ್ನು ಬಲಿಕೊಟ್ಟು ನೋಡಿ.

ಜೆಲ್‌ಗಳ ಸಂಖ್ಯೆ ಐದಾರು ದಾಟಿದರೆ ಟೇಪು ಸೋಲುತ್ತದೆ. ಆಗ ಎಲ್ಲವನ್ನೂ ಒಂದು ಚಿಕ್ಕ ಬಾಟಲಿಗೆ ಹಿಂಡಿ, ಸ್ವಲ್ಪ ನೀರು ಸೇರಿಸಿ ಚೆನ್ನಾಗಿ ಕುಲುಕಿಕೊಳ್ಳುವುದು ಉತ್ತಮ. ಪೊಟ್ಟಣವಿಲ್ಲ, ಕಸವಿಲ್ಲ, ಅಂಟು ಬೆರಳಿಲ್ಲ. ಪೂರ್ಣ ದೂರದ ಆರು ಗಂಟೆಗಳಿಗೆ ಗಂಟೆಗೆ 75 ಗ್ರಾಂನಂತೆ 450 ಗ್ರಾಂ ಬೇಕಾದಾಗ ಪುಡಿಯನ್ನೇ ಗಟ್ಟಿಯಾಗಿ ಕಲಸಿದ ಎರಡು ಬಾಟಲಿಗಳ ದಾರಿಯನ್ನು ಹಲವರು ಹಿಡಿಯುತ್ತಾರೆ. ಹೀಗೆ ಮಾಡಿದಾಗ ಎಷ್ಟು ಕುಡಿದಿರಿ ಎಂಬ ಲೆಕ್ಕ ತಪ್ಪುವುದು ಸುಲಭ. ಮಾಸದ ಶಾಯಿಯ ಪೆನ್ನಿನಿಂದ ಬಾಟಲಿಯ ಹೊರಮೈಗೆ ಗಂಟೆಗೊಂದು ಗೆರೆ ಎಳೆಯಿರಿ. ಒಳಗಿನದ್ದು ಕಾಣುವ ತಿಳಿಬಣ್ಣದ ಬಾಟಲಿಯನ್ನೇ ಆರಿಸಿ. ಪುಡಿಯನ್ನು ಮೊದಲು ಅರ್ಧ ಬಾಟಲಿ ನೀರಿನಲ್ಲಿ ಕರಗಿಸಿ, ನೊರೆ ಇಳಿದ ಮೇಲೆ ಉಳಿದ ನೀರು ಸೇರಿಸಿದರೆ ಗಂಟು ಕಟ್ಟುವುದಿಲ್ಲ.

ಗಟ್ಟಿ ಪಾನೀಯ ಮತ್ತು ಜೆಲ್ ಎರಡರ ಜೊತೆಗೂ ನೀರನ್ನೇ ಕುಡಿಯಬೇಕು. ಜೆಲ್ ತಿಂದು ಮೇಲೆ ಸ್ಪೋರ್ಟ್ಸ್ ಡ್ರಿಂಕ್ ಕುಡಿದರೆ ಹೊಟ್ಟೆಯಲ್ಲಿ ಸಕ್ಕರೆಯ ಸಾಂದ್ರತೆ ಏರಿ, ಅದು ಮುಂದೆ ಸಾಗದೆ ನಿಲ್ಲುತ್ತದೆ. ಏರೋಬಾರ್ ನಡುವಿನ ಬಾಟಲಿಯಲ್ಲಿ ನೀರು ಮಾತ್ರ ಇರಲಿ ಎಂದು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಅಗಿಯುವ ಆಹಾರ ಬೇಕೆನಿಸುವವರು ಬಾರ್‌ಗಳನ್ನು ಒಂದು ತುತ್ತಿನ ತುಂಡುಗಳಾಗಿ ಮಾಡಿ, ಹೊದಿಕೆ ಬಿಚ್ಚಿ ಪೆಟ್ಟಿಗೆಗೆ ಹಾಕಲಿ. ಬಿಸಿಲಿನಲ್ಲಿ ಚಾಕೊಲೇಟ್ ಲೇಪ ಕರಗುತ್ತದೆ, ಚಳಿಯಲ್ಲಿ ಬಾರ್ ಕಲ್ಲಾಗುತ್ತದೆ. ತಣ್ಣೀರಿನಲ್ಲಿ ಈಜಿ ಬಂದ ಬೆರಳುಗಳು ಸವಾರಿಯ ಆರಂಭದಲ್ಲಿ ಮರಗಟ್ಟಿರುತ್ತವೆ. ಆ ಹೊತ್ತಿಗೆ ಪೊಟ್ಟಣ ಹರಿಯುವ ಕೆಲಸ ಇಟ್ಟುಕೊಳ್ಳದೆ ಬಾಟಲಿಯಿಂದಲೇ ಶುರುಮಾಡಿ.

ಹೆಜ್ಜೆ 4: ಕೈಗೆ ಅಭ್ಯಾಸ ಮಾಡಿಸಿ

ಮನೆಯೊಳಗೆ, ನಿಂತಲ್ಲೇ ಪೆಡಲ್ ತುಳಿಯಲು ಬಿಡುವ ಟ್ರೈನರ್ ಮೇಲೆ ಸೈಕಲ್ ನಿಲ್ಲಿಸಿ, ಎದುರಿನ ಗೋಡೆಯ ಒಂದು ಬಿಂದುವಿನಲ್ಲಿ ದೃಷ್ಟಿ ನೆಟ್ಟು, ಪ್ರತಿಯೊಂದನ್ನೂ ನೋಡದೆ ತೆಗೆದು ನೋಡದೆ ವಾಪಸ್ ಇಡಿ. ಬಾಟಲಿಯನ್ನು ಎಲ್ಲರೂ ತೆಗೆಯುತ್ತಾರೆ, ವಾಪಸ್ ಇಡುವಾಗಲೇ ಕಣ್ಣು ಕೆಳಗಿಳಿಯುವುದು. ಕೇಜ್‌ನ ಬಾಯನ್ನು ಬಾಟಲಿಯ ಅಡಿಯಿಂದ ತಡವಿ ಹುಡುಕುವುದು ಕೈಗೆ ಒಗ್ಗುವವರೆಗೂ ಮಾಡಿ. ಎರಡೂ ಕೈಗಳಿಂದ ಕಲಿಯಿರಿ. ಅಡ್ಡಗಾಳಿ ಯಾವ ಬದಿಯಿಂದ ಬೀಸುತ್ತದೆಂದು ಮೊದಲೇ ಹೇಳಲಾಗದು.

ಆಮೇಲೆ ವಾಹನವಿಲ್ಲದ ನೇರ ರಸ್ತೆಗೆ ಹೋಗಿ. ಮುಂದಿನ ಬಾಟಲಿಯಿಂದ ಕುಡಿಯುವಾಗ ಮೊಣಕೈಗಳು ಮೆತ್ತೆಯ ಮೇಲೆಯೇ ಇರಲಿ. ಫ್ರೇಮಿಗೆ, ಪೆಟ್ಟಿಗೆಗೆ ಅಥವಾ ಹಿಂದಕ್ಕೆ ಕೈ ಹಾಕುವುದಾದರೆ ಮೊದಲು ಇನ್ನೊಂದು ಕೈಯನ್ನು ಹೊರಗಿನ ಹ್ಯಾಂಡಲ್ಲಿಗೆ ತನ್ನಿ, ನಂತರ ಮಾತ್ರ ತೆಗೆಯುವ ಕೈಯನ್ನು ಬಿಡಿ. ಹಿಡಿದ ಕೈ ಹ್ಯಾಂಡಲ್‌ನ ಮಧ್ಯಕ್ಕೆ ಹತ್ತಿರ ಇದ್ದಷ್ಟೂ ಸೈಕಲ್ ಓಲಾಡುವುದು ಕಡಿಮೆ.

ಕೊನೆಯ ಪರೀಕ್ಷೆ ರಸ್ತೆಯದ್ದು. ಸ್ಪರ್ಧೆಯ ದಿನ ಹೊರುವ ಅಷ್ಟೂ ಸಾಮಾನನ್ನು ತುಂಬಿ, ಬಾಟಲಿಗಳನ್ನು ಕಂಠಮಟ್ಟ ತುಂಬಿಸಿ, ನಿಮಗೆ ಗೊತ್ತಿರುವ ಅತ್ಯಂತ ಹಾಳಾದ ರಸ್ತೆಯಲ್ಲಿ ಸ್ಪರ್ಧೆಯ ವೇಗದಲ್ಲೇ ಓಡಿಸಿ. ಖಾಲಿ ಬಾಟಲಿಯಿಂದ ಮಾಡಿದ ಪರೀಕ್ಷೆ ಏನನ್ನೂ ಹೇಳುವುದಿಲ್ಲ. ಬೀಳುವುದು ಭಾರದ ಬಾಟಲಿ. ಮನೆಗೆ ಬಂದು ಪ್ರತಿ ಬೋಲ್ಟನ್ನೂ ಮುಟ್ಟಿ ನೋಡಿ.

ಇದರ ಜೊತೆಜೊತೆಗೆ ಹೊಟ್ಟೆಯ ಅಭ್ಯಾಸವೂ ನಡೆಯಬೇಕು. ಸ್ಪರ್ಧೆಗೆ ಮುಂಚಿನ ವಾರಗಳ ದೀರ್ಘ ಸವಾರಿಗಳಲ್ಲಿ ಅದೇ ಜೆಲ್, ಅದೇ ಪುಡಿ, ಅದೇ ಅಂತರ. ಪ್ರಮಾಣವನ್ನು ಮೆಲ್ಲಗೆ ಏರಿಸುತ್ತಾ ಹೋಗಿ. ಏಡ್ ಸ್ಟೇಷನ್‌ನಲ್ಲಿ ಕೊಡುವ ಪಾನೀಯ ಯಾವುದೆಂದು ಆಯೋಜಕರು ಮುಂಚೆಯೇ ತಿಳಿಸಿರುತ್ತಾರೆ. ಅದನ್ನೂ ಕೊಂಡು ಕುಡಿದು ನೋಡಿ, ಏಕೆಂದರೆ ನಿಮ್ಮ ಬಾಟಲಿ ಬಿದ್ದ ದಿನ ಆಧಾರ ಅದೇ.

ಹೆಜ್ಜೆ 5: ಹಿಂದಿನ ರಾತ್ರಿ ಮತ್ತು ಬೆಳಗ್ಗೆ

ಸೈಕಲನ್ನು ಹಿಂದಿನ ದಿನವೇ ಒಪ್ಪಿಸಬೇಕಾದ ಸ್ಪರ್ಧೆಗಳಲ್ಲಿ ಆಹಾರವನ್ನು ಅದರ ಮೇಲೆ ಬಿಡಬೇಡಿ. ಇರುವೆ ಬರುತ್ತದೆ, ಮಳೆ ಬರುತ್ತದೆ, ಸೆಕೆಗೆ ಕಲಸಿದ ಪಾನೀಯ ಹುಳಿಯುತ್ತದೆ. ಬಾಟಲಿಗಳನ್ನು ಬೆಳಗ್ಗೆ ಕಲಸಿ ತನ್ನಿ. ಬಿಸಿಲಿನ ದಿನವೆಂದು ಗೊತ್ತಿದ್ದರೆ ಒಂದನ್ನು ಅರ್ಧದಷ್ಟು ಹೆಪ್ಪುಗಟ್ಟಿಸಿ ತಂದರೆ ಈಜಿ ಬರುವ ಹೊತ್ತಿಗೆ ಹಿತವಾಗಿ ತಣ್ಣಗಿರುತ್ತದೆ. ಮುಚ್ಚಳದ ತಿರುಪು ಅಡ್ಡ ಕೂರದೆ ನೇರವಾಗಿ ಬಿಗಿದಿದೆಯೇ ಎಂದು ಬಾಟಲಿಯನ್ನು ತಲೆಕೆಳಗೆ ಮಾಡಿ ಹಿಂಡಿ ನೋಡಿ. ಸೈಕಲ್ ಕಂಪ್ಯೂಟರ್‌ನಲ್ಲಿ 20 ನಿಮಿಷಕ್ಕೊಮ್ಮೆ ಕೂಗುವ ಎಚ್ಚರಿಕೆಯನ್ನು ಹಾಕಿಡಿ. 20 ನಿಮಿಷಕ್ಕೆ 25 ಗ್ರಾಂ ಎಂದರೆ ಗಂಟೆಗೆ 75.

ಹೆಜ್ಜೆ 6: ಸವಾರಿಯ ವೇಳೆ

ನೀರಿನಿಂದ ಬಂದ ಮೊದಲ 10–15 ನಿಮಿಷ ಎದೆಬಡಿತ ಮೇಲೇರಿಯೇ ಇರುತ್ತದೆ. ಆಗ ಎರಡು ಗುಟುಕು ನೀರು ಸಾಕು. ಉಸಿರು ಹದಕ್ಕೆ ಬಂದ ಮೇಲೆ ಮೊದಲ ಆಹಾರ, ಅಲ್ಲಿಂದ ಎಚ್ಚರಿಕೆಯ ಸದ್ದಿಗೆ ಸರಿಯಾಗಿ. ಹಸಿವಿಗಾಗಿ ಕಾಯಬೇಡಿ. ಶ್ರಮದಲ್ಲಿರುವ ದೇಹ ಹಸಿವನ್ನು ತಡವಾಗಿ ತಿಳಿಸುತ್ತದೆ.

ಸದ್ದು ಬಂದ ಕ್ಷಣವೇ ತಿನ್ನಬೇಕೆಂದಿಲ್ಲ, ಜಾಗ ನೋಡಿ ತಿನ್ನಬೇಕು. ಇಳಿಜಾರು, ತಿರುವು, ಅಡ್ಡಗಾಳಿ, ಗುಂಪಿನ ನಡುವೆ ಬೇಡ. ಹದವಾದ ಏರು ಬಹಳ ಒಳ್ಳೆಯ ಜಾಗ: ವೇಗ ಕಡಿಮೆ ಇರುವುದರಿಂದ ಎದ್ದು ಕುಳಿತರೂ ಗಾಳಿಗೆ ಕಳೆದುಕೊಳ್ಳುವುದು ಅಲ್ಪ. ಇನ್ನೊಂದು ಜಾಗ ಹಲವರಿಗೆ ಹೊಳೆಯುವುದಿಲ್ಲ. ಒಬ್ಬರ ಹಿಂದೆ ಅಂಟಿಕೊಂಡು ಓಡುವುದನ್ನು ನಿಷೇಧಿಸಿದ ಸ್ಪರ್ಧೆಗಳಲ್ಲಿ ಯಾರಾದರೂ ನಿಮ್ಮನ್ನು ಹಿಂದೆ ಹಾಕಿದರೆ ನೀವು ನಿಗದಿತ ಅಂತರದಷ್ಟು ಹಿಂದೆ ಸರಿಯಲೇಬೇಕು. ಹೇಗಿದ್ದರೂ ಪೆಡಲ್ ಸಡಿಲ ಬಿಡಬೇಕಾದ ಆ ಕೆಲವು ಸೆಕೆಂಡುಗಳು ಜೆಲ್‌ಗೆ ಹೇಳಿಮಾಡಿಸಿದಂತಿವೆ. ಅದೇ ನೀವು ಇನ್ನೊಬ್ಬರನ್ನು ದಾಟುತ್ತಿರುವಾಗ ಏನನ್ನೂ ತೆಗೆಯಬೇಡಿ. ದಾಟಿ ಮುಗಿಸಲು ನಿಯಮದಲ್ಲಿ ಸಮಯದ ಮಿತಿ ಇರುತ್ತದೆ, ನಡುವೆ ನಿಧಾನಿಸಿದರೆ ದಂಡ ಬೀಳಬಹುದು.

ಹೆಜ್ಜೆ 7: ಏಡ್ ಸ್ಟೇಷನ್

ಹೆಚ್ಚು ಜನ ಬೀಳುವುದು, ಹೆಚ್ಚು ಬಾಟಲಿ ಕೈತಪ್ಪುವುದು ಇಲ್ಲಿ. ಆಯೋಜಕರ ಕೈಪಿಡಿಯಲ್ಲಿ ಕೇಂದ್ರಗಳು ಎಷ್ಟನೆಯ ಕಿ.ಮೀ.ಯಲ್ಲಿವೆ, ನೀರು, ಪಾನೀಯಗಳಲ್ಲಿ ಯಾವುದು ಮೊದಲು ಸಿಗುತ್ತದೆ, ಕಸ ಎಸೆಯುವ ವಲಯ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಓದಿ, ಕಿ.ಮೀ. ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿ.

ಕೇಂದ್ರ ಕಾಣುತ್ತಿದ್ದಂತೆ ಮುಂದಿನ ಪಾತ್ರೆಯ ನೀರನ್ನು ಕುಡಿದು ಖಾಲಿ ಮಾಡಿಕೊಳ್ಳಿ. ಹಿಂದೆ ಒಮ್ಮೆ ತಿರುಗಿ ನೋಡಿ. ಏರೋಬಾರ್ ಬಿಟ್ಟು ಎದ್ದು ಕುಳಿತು, ಹೊರಗಿನ ಹ್ಯಾಂಡಲ್ ಹಿಡಿದು, ವೇಗ ತಗ್ಗಿಸಿ. ಖಾಲಿ ಬಾಟಲಿಯನ್ನು ಕಸದ ವಲಯದ ಆರಂಭದಲ್ಲೇ, ರಸ್ತೆಯ ಅಂಚಿನಾಚೆಗೆ, ತಗ್ಗಿಗೆ ಎಸೆಯಿರಿ. ಹಿಂದೆ ಬರುವವರ ಚಕ್ರದಡಿಗೆ ಉರುಳುವಂತೆ ಬಿಡಬೇಡಿ. ನಂತರ ಒಬ್ಬ ಸ್ವಯಂಸೇವಕರನ್ನು ಆರಿಸಿ, ಅವರತ್ತ ಬೆರಳು ತೋರಿಸಿ, ಬೇಕಾದದ್ದನ್ನು ಒಂದೇ ಮಾತಿನಲ್ಲಿ ಗಟ್ಟಿಯಾಗಿ ಕೂಗಿ: "ನೀರು!" ಕಣ್ಣಿಗೆ ಕಣ್ಣು ಸೇರಿದರೆ ಅವರು ಸಿದ್ಧರಾಗಿದ್ದಾರೆಂದು ಅರ್ಥ. ಹೆಬ್ಬೆರಳು ಮತ್ತು ಉಳಿದ ಬೆರಳುಗಳನ್ನು ಅಗಲವಾಗಿ ತೆರೆದು ಬಾಟಲಿಯ ಸೊಂಟಕ್ಕೆ ಕೈ ಹಾಕಿ. ತಾಗಿದ ಕ್ಷಣ ತೋಳನ್ನು ಬಿಗಿ ಹಿಡಿಯದೆ ಹಿಂದಕ್ಕೆ ಹೋಗಲು ಬಿಡಿ. ನಿಂತಿರುವ ಕೈಯಿಂದ ಓಡುವ ಕೈಗೆ ಬಾಟಲಿ ಬರುವಾಗಿನ ಹೊಡೆತವನ್ನು ಆ ಚಲನೆಯೇ ನುಂಗುತ್ತದೆ. ಮೊದಲನೆಯವರ ಕೈಯಿಂದ ತಪ್ಪಿದರೆ ಮುಂದೆ ಇನ್ನೊಬ್ಬರು ಇರುತ್ತಾರೆ. ಬಗ್ಗಿ ಹಿಡಿಯಲು ಹೋಗಬೇಡಿ.

ಸಿಕ್ಕ ಬಾಟಲಿಯನ್ನು ತಕ್ಷಣ ಹಿಂದಿನ ಕೇಜ್‌ಗೆ ಸಿಕ್ಕಿಸುವ ಸಾಹಸ ಬೇಡ. ಮುಂದಿನ ಪಾತ್ರೆಗೆ ಸುರಿದುಕೊಂಡು ಕಸದ ವಲಯ ಮುಗಿಯುವ ಮುನ್ನ ಎಸೆಯಿರಿ. ಅಷ್ಟರೊಳಗೆ ಆಗದಿದ್ದರೆ ಖಾಲಿ ಇರುವ ಫ್ರೇಮಿನ ಕೇಜ್‌ಗೆ ಹಾಕಿಕೊಂಡು ಮುಂದಿನ ಕೇಂದ್ರದವರೆಗೆ ಹೊರಿರಿ. ವಲಯದ ಹೊರಗೆ ಬಾಟಲಿ ಅಥವಾ ಪೊಟ್ಟಣ ಎಸೆದವರಿಗೆ ದಂಡವಿದೆ. ದಂಡವಿಲ್ಲದಿದ್ದರೂ ನಾವು ಓಡಿದ ರಸ್ತೆಯನ್ನು ಮರುದಿನ ಬೇರೆಯವರು ಗುಡಿಸುವಂತೆ ಮಾಡುವುದು ತಪ್ಪು. ದಾರಿಬದಿಯಲ್ಲಿ ನಿಂತ ಮನೆಯವರಿಂದ, ಗೆಳೆಯರಿಂದ ಬಾಟಲಿ ಪಡೆಯುವುದನ್ನು ಹೊರಗಿನ ನೆರವು ಎಂದು ಎಣಿಸಲಾಗುತ್ತದೆ, ಅದಕ್ಕೂ ದಂಡವಿದೆ.

ಮೊದಲ ಸ್ಪರ್ಧೆಯವರು, ಅಥವಾ ಒಂದು ಕೈ ಬಿಡಲು ಹೆದರುವವರು, ಪಕ್ಕಕ್ಕೆ ಸರಿದು ಕಾಲೂರಿ ನಿಂತು ನೀರು ತುಂಬಿಸಿಕೊಳ್ಳಿ. ಹೋಗುವುದು ಅರ್ಧ ನಿಮಿಷ. ನೀರಿಲ್ಲದೆ ಸಾಗಿದ ಒಂದು ಗಂಟೆ ಓಟದಲ್ಲಿ ಅದಕ್ಕಿಂತ ಎಷ್ಟೋ ಪಾಲು ವಸೂಲು ಮಾಡುತ್ತದೆ.

ಪೂರ್ಣ ದೂರದ ಹಲವು ಸ್ಪರ್ಧೆಗಳಲ್ಲಿ ಅರ್ಧದಾರಿಯಲ್ಲಿ ನಿಮ್ಮದೇ ಚೀಲ ಪಡೆಯುವ ಸೌಲಭ್ಯ ಇರುತ್ತದೆ. ಎರಡನೆಯ ಗಟ್ಟಿ ಬಾಟಲಿಯನ್ನು ಅದರಲ್ಲಿ ಇಟ್ಟರೆ ಅಷ್ಟು ಭಾರ ಉಳಿಯುತ್ತದೆ. ಚೀಲ ಸಿಗದಿದ್ದರೂ ಮುಂದೆ ಸಾಗುವಷ್ಟು ಜೆಲ್ ಸೈಕಲ್ಲಿನಲ್ಲಿ ಇರಲಿ. ವಾಪಸ್ ಬೇಕೆನಿಸುವ ವಸ್ತುವನ್ನು ಅದರಲ್ಲಿ ಹಾಕಬೇಡಿ.

ಹೆಜ್ಜೆ 8: ಎಣಿಕೆ ತಪ್ಪಿದಾಗ

ಬಾಟಲಿ ಬಿದ್ದರೆ ಸವಾರರ ಪ್ರವಾಹಕ್ಕೆ ಎದುರಾಗಿ ತಿರುಗಬೇಡಿ. ಹತ್ತಿರದಲ್ಲೇ ಇದ್ದು, ರಸ್ತೆಯಂಚಿನಲ್ಲಿ ಸುರಕ್ಷಿತವಾಗಿ ನಿಂತು ತೆಗೆದುಕೊಳ್ಳಬಹುದಾದರೆ ಮಾತ್ರ ತೆಗೆದುಕೊಳ್ಳಿ. ಇಲ್ಲವಾದರೆ ಜೇಬಿನ ಜೆಲ್ ಮತ್ತು ಮುಂದಿನ ಕೇಂದ್ರದ ಪಾನೀಯಕ್ಕೆ ಬದಲಾಯಿಸಿ. ಆ ಪಾನೀಯದ ಒಂದು ಬಾಟಲಿಯಲ್ಲಿ ಎಷ್ಟು ಗ್ರಾಂ ಇದೆ ಎಂಬುದನ್ನೂ ಚೀಟಿಯಲ್ಲಿ ಬರೆದಿಟ್ಟಿದ್ದರೆ ಲೆಕ್ಕ ಮುಂದುವರಿಯುತ್ತದೆ.

ಒಂದು ಸರದಿ ತಪ್ಪಿದರೆ ಮುಂದಿನ ಸಲ ಎರಡು ಪಾಲು ತಿನ್ನಬೇಡಿ. ಹೊಟ್ಟೆ ಎರಡನ್ನೂ ಒಟ್ಟಿಗೆ ಒಪ್ಪುವುದಿಲ್ಲ. ಎಂದಿನ ಅಳತೆಗೆ ಮರಳಿ, ಉಳಿದ ಅಂತರವನ್ನು ಸ್ವಲ್ಪ ಕಡಿಮೆ ಮಾಡಿ. ಹೊಟ್ಟೆ ಉಬ್ಬಿ ವಾಕರಿಕೆ ಬಂದರೆ ವೇಗ ಇಳಿಸಿ, ಕಾಲು ಗಂಟೆ ಸಣ್ಣ ಗುಟುಕಿನಲ್ಲಿ ನೀರು ಮಾತ್ರ ಕುಡಿದು, ಆಮೇಲೆ ಅರ್ಧ ಪಾಲಿನಿಂದ ಶುರುಮಾಡಿ. ಹೆಚ್ಚಿನ ಸಲ ಕಾರಣ ಆಹಾರವಲ್ಲ, ಅತಿಯಾದ ವೇಗ. ಕಾಲಿಗೆ ಹರಿಯುವ ರಕ್ತ ಹೆಚ್ಚಿದಷ್ಟೂ ಕರುಳಿಗೆ ಕಡಿಮೆಯಾಗುತ್ತದೆ. ಇನ್ನೊಂದು ಎಚ್ಚರಿಕೆ: ಬಾಯಾರಿಕೆಯಿಲ್ಲದೆ ಬಾಟಲಿ ಮೇಲೆ ಬಾಟಲಿ ನೀರು ಕುಡಿಯುವುದು ಅಪಾಯ. ರಕ್ತದಲ್ಲಿ ಸೋಡಿಯಂ ಇಳಿದರೆ ತಲೆನೋವು, ಬೆರಳು ಊದುವುದು, ಗೊಂದಲ ಕಾಣಿಸಿಕೊಳ್ಳುತ್ತವೆ. ಅಂಥ ಲಕ್ಷಣ ಕಂಡರೆ ನೀರು ನಿಲ್ಲಿಸಿ, ವೈದ್ಯಕೀಯ ತಂಡದವರನ್ನು ಕಾಣಿ.

ಹೆಜ್ಜೆ 9: ಕೊನೆಯ ಅರ್ಧ ಗಂಟೆ

ಕೊನೆಯ 30 ನಿಮಿಷದಲ್ಲಿ ಅಗಿಯುವ ಆಹಾರ ಬೇಡ. ಕೊನೆಯ ಜೆಲ್, ಸೈಕಲ್ ಇಳಿಯುವುದಕ್ಕೆ ಸುಮಾರು 15–20 ನಿಮಿಷ ಇರುವಾಗ, ನೀರಿನ ಜೊತೆ. ಅಲ್ಲಿಂದ ಗುಟುಕು ಗುಟುಕಾಗಿ ನೀರು ಮಾತ್ರ. ಓಟಕ್ಕೆ ಬೇಕಾದ ಜೆಲ್‌ಗಳನ್ನು ಸೈಕಲ್ಲಿನಿಂದ ಬಿಡಿಸಿಕೊಂಡು ಹೋಗುವ ಯೋಜನೆ ಹಾಕಬೇಡಿ. ನಡುಗುವ ಕೈಯಲ್ಲಿ ಟೇಪು ಕೀಳುತ್ತಾ ನಿಲ್ಲಬೇಕಾಗುತ್ತದೆ. ಅವು ಸ್ಪರ್ಧಿ ಸಂಖ್ಯೆಯ ಬೆಲ್ಟು, ಟೋಪಿಗಳ ಜೊತೆ ಒಂದು ಚಿಕ್ಕ ಚೀಲದಲ್ಲಿ ಓಟದ ಶೂಗಳ ಮೇಲೆಯೇ ಕಾದಿರಲಿ. ಚೀಲವನ್ನು ಕೈಯಲ್ಲಿ ಹಿಡಿದೇ ಓಡಲು ಶುರುಮಾಡಿ, ಬೆಲ್ಟು ಕಟ್ಟಿ ಟೋಪಿ ಹಾಕುವ ಕೆಲಸವನ್ನು ಮೊದಲ ನೂರು ಮೀಟರಿನಲ್ಲಿ ಮುಗಿಸಿಕೊಳ್ಳಿ.